ಡಿಸೆಂಬರ್‌ನಲ್ಲಿ ನೋಡೋಣ

ಆ ಶುಕ್ರವಾರ ವಿಶೇಷವೇನೂ ನಡೆಯಲಿಲ್ಲ. ಸಾರ್ ಎಂದಿನಂತೆ ಒಂಬತ್ತೂವರೆಗೆ ಅಂಗಡಿಗೆ ಬಂದರು. ಹೆಲ್ಮೆಟ್ಟನ್ನು ಮೂಲೆಯಲ್ಲಿದ್ದ ತಾಮ್ರದ ಹಂಡೆಯ ಮೇಲೆ ಕವುಚಿಟ್ಟು, ಕನ್ನಡಕವನ್ನು ಸ್ವೆಟರಿನ ಅಂಚಿನಲ್ಲಿ ಒರೆಸಿಕೊಂಡು, "ಇವತ್ತು ಎಷ್ಟು ಮನೆ ಸರೋಜಾ?" ಎಂದು ಕೇಳಿದರು.

"ಮೂರು ಸಾರ್. ಜೆ.ಪಿ. ನಗರದಲ್ಲಿ ಎರಡು, ಬನಶಂಕರೀಲಿ ಒಂದು. ಬೇಗೂರಿಂದು ಉಳಿಯುತ್ತೆ."

"ಬೇಗೂರು ನಾಳೆ ಇಟ್ಕೊಳೋಣ. ಅವಸರ ಮಾಡಿದ್ರೆ ನೆರಳು ಸಿಗಲ್ಲ."

ಡಿಸೆಂಬರ್ ಬಂತೆಂದರೆ ನಮ್ಮ ಅಂಗಡಿಗೆ ಇದೊಂದು ಕೆಲಸ. ಆ ವರ್ಷ ಯಾವ ಯಾವ ಮನೆಗಳ ಮಾಳಿಗೆಯ ಮೇಲೆ ನೀರು ಕಾಯಿಸುವ ಸೋಲಾರ್ ಹಾಕಿದ್ದೆವೋ ಅಲ್ಲಿಗೆಲ್ಲ ಇನ್ನೊಮ್ಮೆ ಹೋಗಿ, ಗಾಜಿನ ಪ್ಯಾನೆಲ್ಲಿನ ಮೇಲೆ ಯಾವುದರ ನೆರಳೂ ಬೀಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬರುವುದು. ಆ ಮನೆಯವರು ಕರೆದಿರುವುದಿಲ್ಲ, ದೂರು ಕೊಟ್ಟಿರುವುದಿಲ್ಲ. ಆದರೂ ಹೋಗುತ್ತಿದ್ದೆವು. ಬೇರೆ ಯಾವ ಅಂಗಡಿಯವರೂ ಹೀಗೆ ಹೋಗಿದ್ದನ್ನು ನಾನು ಕೇಳಿಲ್ಲ.

ಮೂರು ಗಂಟೆಗೆ ವಾಪಸು ಬಂದರು. ಮೊಸರನ್ನದ ಡಬ್ಬಿ ತೆರೆದು, ಊಟ ಮಾಡುತ್ತಲೇ ಪೇಪರು ಓದಿದರು. ಆಮೇಲೆ ಕತ್ತರಿ ಕೇಳಿದರು. ಒಂದು ಸುದ್ದಿಯನ್ನು ಕತ್ತರಿಸಿ ತಮ್ಮ ದಪ್ಪ ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಏನೋ ಬರೆದರು. ಐದೂವರೆಗೆ ಎದ್ದು ಹೆಲ್ಮೆಟ್ ತೆಗೆದುಕೊಂಡಾಗ ಹಂಡೆ ಸಣ್ಣಗೆ ಟಣ್ ಎಂದಿತು.

"ನಾಳೆ ನೀವೂ ಬನ್ನಿ ಬೇಗೂರಿಗೆ. ಕೆಲಸ ಮುಗಿಸಿ ನಾಗೇಶ್ವರನ ದೇವಸ್ಥಾನ ನೋಡ್ಕೊಂಡು ಬರೋಣ. ಹಳೇ ಗುಡಿ, ಒಳ್ಳೇ ತಂಪು. ನಮ್ಮ ಥರ ದೇವರಿಗೆ ನೆರಳಿನ ಮೇಲೆ ಕೋಪ ಇಲ್ಲ" ಎಂದು ನಕ್ಕು ಸ್ಕೂಟರ್ ಹತ್ತಿದರು.

ಶನಿವಾರ ಬೆಳಿಗ್ಗೆ ಆರೂವರೆಗೆ ನನಗೆ ಫೋನ್ ಬಂತು. ಸಾರ್ ಅವರ ಹೆಂಡತಿ. "ಸರೋಜಾ, ಇವತ್ತು ಅಂಗಡಿ ತೆಗೀಬೇಡಮ್ಮ" ಅಂದರು. ನಿದ್ದೆಯಲ್ಲೇ ಸಾರ್ ಹೃದಯ ನಿಂತಿತ್ತು.

ಇದೆಲ್ಲ ಹೋದ ವರ್ಷದ ಡಿಸೆಂಬರಿನ ಮಾತು. ಈಗ ಮತ್ತೆ ಡಿಸೆಂಬರ್ ಬಂದಿದೆ.

ಸಾರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲೂ 'ಸೋಲಾರ್ ನೀರು, ಸೋಲಾರ್ ದೀಪ' ಎಂದಷ್ಟೇ ಇತ್ತು. ಜಯನಗರದಿಂದ ತಿಲಕ್ ನಗರಕ್ಕೆ ತಿರುಗುವ ರಸ್ತೆಯಲ್ಲಿ, ಹಿಟ್ಟಿನ ಗಿರಣಿಗೂ ಪಂಕ್ಚರ್ ಅಂಗಡಿಗೂ ನಡುವೆ ಒಂದು ಕೋಣೆ, ಮೇಲೆ ಸಣ್ಣದೊಂದು ಮಾಳಿಗೆ. ಅವರು ಯಾವುದೋ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ, ರಾಜೀನಾಮೆ ಕೊಟ್ಟು ಇದನ್ನು ಶುರುಮಾಡಿದ್ದರು. ೧೯೯೫ರ ಮೇ ತಿಂಗಳಲ್ಲಿ ನಾನು ಫೋನ್ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಎಸ್ಸೆಸ್ಸೆಲ್ಸಿ, ಸ್ವಲ್ಪ ಟೈಪಿಂಗ್. ಅವರು ಕೇಳಿದ್ದು ಒಂದೇ ಪ್ರಶ್ನೆ: "ಏಣಿ ಹತ್ತೋಕೆ ಭಯ ಇದೆಯಾ?"

"ಫೋನ್ ತಗೊಳೋಕೆ ಏಣಿ ಯಾಕೆ ಸಾರ್?"

"ಮಾಳಿಗೆ ನೋಡದೇ ಇರೋರು ಫೋನಲ್ಲಿ ಏನು ಹೇಳ್ತಾರೆ?"

ಎತ್ತರದ ಬಡಕಲು ಮನುಷ್ಯ. ರಸ್ತೆಯಲ್ಲಿ ನಡೆಯುವಾಗ ಎಲ್ಲರೂ ಅಂಗಡಿಗಳನ್ನು ನೋಡಿದರೆ ಅವರು ಮಾಳಿಗೆಗಳನ್ನು ನೋಡುತ್ತಿದ್ದರು. ನಾನು ಕಂಡಂತೆಯೇ ಎರಡು ಸಲ ಮೋರಿಗೆ ಕಾಲಿಟ್ಟಿದ್ದಾರೆ. ಆಗಿನ್ನೂ ಸೋಲಾರ್ ಎಂದರೆ ಜನ ಕ್ಯಾಲ್ಕುಲೇಟರ್ ನೆನಪಿಸಿಕೊಳ್ಳುತ್ತಿದ್ದ ಕಾಲ. ಇಡೀ ಜಯನಗರದಲ್ಲಿ ನೀಲಿ ಗಾಜಿನ ಪ್ಯಾನೆಲ್ ಇರುವ ಮನೆಗಳನ್ನು ಬೆರಳು ಮಡಚಿ ಹೇಳಬಹುದಿತ್ತು. ಸಾರ್ ಮಾತ್ರ, "ಮೊದಲು ನೀರು, ಆಮೇಲೆ ದೀಪ, ಆಮೇಲೆ ಕರೆಂಟು. ಫ್ಯಾನ್ ತಗೊಂಡಂಗೆ ಜನ ಸೋಲಾರ್ ತಗೋತಾರೆ. ಊರೂರಲ್ಲೂ ತಗೋತಾರೆ. ನಾನು ಇರ್ತೀನೋ ಇಲ್ವೋ, ನೀವು ನೋಡ್ತೀರ" ಎನ್ನುತ್ತಿದ್ದರು. ಮಾರುವವರ ಮಾತು ಎಂದುಕೊಳ್ಳುತ್ತಿದ್ದೆ.

ನಾನು ಸೇರಿದ ವಾರವೇ ಹತ್ತಿರದ ಬೀದಿಯ ಒಬ್ಬ ಅಜ್ಜಿಯ ಮನೆಗೆ ಸೋಲಾರ್ ಹಾಕಿದೆವು. ಅಜ್ಜಿ ಎಪ್ಪತ್ತು ದಾಟಿದವರು, ಮಡಿಯವರು. ಅವರ ಬಚ್ಚಲುಮನೆಯಲ್ಲಿ ಸೌದೆ ಒಲೆ, ಅದರ ಮೇಲೆ ಅತ್ತೆಯ ಕಾಲದ ತಾಮ್ರದ ಹಂಡೆ. ಹೊಗೆಗೆ ಅವರ ಕಣ್ಣು ಕೆಂಪಾಗಿದ್ದುದನ್ನು ನೋಡಿ ಸಾರ್, "ಇನ್ನು ನೀವು ಊದುಗೊಳವೆ ಹಿಡಿಯೋದು ಬೇಡಮ್ಮ. ಮಳೆಗಾಲದಲ್ಲಿ ನಾಲ್ಕು ದಿನ ಹೆಚ್ಚುಕಮ್ಮಿ ಆಗಬಹುದು. ಚಳಿಗಾಲಕ್ಕೆ ನಾನು ಗ್ಯಾರಂಟಿ" ಎಂದು ಮಾತು ಕೊಟ್ಟರು.

ಡಿಸೆಂಬರ್ ಮಧ್ಯದಲ್ಲಿ, ಧನುರ್ಮಾಸ ಹಿಡಿದ ಮಾರನೆಯ ದಿನ, ಅಂಗಡಿ ತೆಗೆಯುತ್ತಿದ್ದಂತೆ ಫೋನು.

"ಯಾರಮ್ಮ ಮಾತಾಡೋದು? ಸೋಲಾರ್ ಅಂಗಡೀನಾ? ನಿಮ್ಮ ಸೂರ್ಯ ಧನುರ್ಮಾಸಕ್ಕೆ ರಜ ಹಾಕಿದಾನಾ ಹೇಗೆ? ನಾಲ್ಕೂವರೆಗೆ ಎದ್ದು ನಲ್ಲಿ ತಿರುಗಿಸಿದ್ರೆ ಐಸ್ ನೀರು."

"ನಿನ್ನೆ ಮೋಡ ಏನಾದ್ರೂ ಇತ್ತಾ ಅಜ್ಜಿ?"

"ಮೋಡ ಎಲ್ಲಮ್ಮ? ನಕ್ಷತ್ರ ಎಣಿಸ್ಕೊಂಡು ತಣ್ಣೀರಲ್ಲಿ ಸ್ನಾನ ಮಾಡಿದೀನಿ."

ಸಾರ್, ನಾನು, ಫಿಟ್ಟರ್ ಸಂಗಪ್ಪ ಮೂವರೂ ಹೋದೆವು. ಸಂಗಪ್ಪ ಗದಗಿನ ಕಡೆಯವನು. ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಇದ್ದ. ಪೈಪಿನ ಕೆಲಸದಲ್ಲಿ ಅವನ ಕೈ ತಪ್ಪಿದ್ದೇ ಇಲ್ಲ. ಅವನು ಪೈಪು, ವಾಲ್ವು, ಟ್ಯಾಂಕು ಎಲ್ಲ ತಡಕಿ ನೋಡಿದ. ಏನೂ ಕೆಟ್ಟಿರಲಿಲ್ಲ. ಸಾರ್ ನನ್ನಿಂದ ಸೀಮೆಸುಣ್ಣ ತರಿಸಿಕೊಂಡು, ಮಾಳಿಗೆಯ ಮೇಲೆ ಒಂದು ಮಣೆ ಹಾಕಿಸಿಕೊಂಡು ಕೂತರು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಅರ್ಧ ಗಂಟೆಗೊಮ್ಮೆ ಎದ್ದು ನೆರಳಿನ ಅಂಚಿಗೆ ಗೆರೆ ಎಳೆದರು.

ಆಗ ತಿಳಿಯಿತು. ಮಾಳಿಗೆಯ ದಕ್ಷಿಣಕ್ಕೆ ಮೆಟ್ಟಿಲ ಕೋಣೆ, ಅದರ ಹಿಂದೆ ಪ್ಯಾನೆಲ್ಲು. ಮೇ ತಿಂಗಳಲ್ಲಿ ನಾವು ಜಾಗ ನೋಡಿದಾಗ ಸೂರ್ಯ ನೆತ್ತಿಯ ಮೇಲಿದ್ದ, ಆ ಕೋಣೆಯ ನೆರಳು ಅದರ ಬುಡದಲ್ಲೇ ಮುದುಡಿಕೊಂಡಿತ್ತು. ಈಗ ಸೂರ್ಯ ದಕ್ಷಿಣಕ್ಕೆ ಸರಿದಿದ್ದ. ನೆರಳು ಉತ್ತರಕ್ಕೆ ಕಾಲು ಚಾಚಿ, ಬೆಳಗಿನಿಂದ ಮಧ್ಯಾಹ್ನದ ತನಕ ಗಾಜಿನ ಮೇಲೆ ಮಲಗಿರುತ್ತಿತ್ತು.

"ಪಂಚಾಂಗ ಓದೋ ಮನೇಲಿ ಹುಟ್ಟಿದವನು ನಾನು" ಎಂದರು ಸಾರ್. "ಉತ್ತರಾಯಣ, ದಕ್ಷಿಣಾಯನ ಎಲ್ಲಾ ಬಾಯಿಪಾಠ. ಮಾಳಿಗೆ ಹತ್ತಿದಾಗ ಮರೆತೇಬಿಟ್ಟೆನಲ್ಲ."

ಕೆಳಗೆ ಬಂದಾಗ ಅಜ್ಜಿ ಬಯ್ಯಲಿಲ್ಲ. ಕಾಫಿ ಕೊಟ್ಟು, "ಹಂಡೆ ಇದ್ದಿದ್ರೆ ನಿಮ್ಮನ್ನ ಕರೀತಾನೇ ಇರ್ಲಿಲ್ಲ. ನಿಮ್ಮ ಮಾತು ನಂಬ್ಕೊಂಡು ಹಳೇ ಪಾತ್ರೆಯವನಿಗೆ ಹಾಕ್ಬಿಟ್ಟೆ. ಅಡುಗೆಮನೇಲಿ ನೋಡಿ, ಆ ಸ್ಟೀಲ್ ಡಬ್ಬಗಳು ಅದರದ್ದೇ" ಎಂದರು.

ಸಾರ್ ಮುಖ ಸಣ್ಣಗಾದದ್ದನ್ನು ನಾನು ಆವತ್ತು ನೋಡಿದೆ. ಕಾಫಿ ಮುಗಿಸಲಿಲ್ಲ. ಸಂಜೆಯೊಳಗೆ ಚಿಕ್ಕಪೇಟೆಗೆ ಹೋಗಿ ಒಂದು ತಾಮ್ರದ ಹಂಡೆ ತಂದರು. ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಅಜ್ಜಿಯ ಮನೆಗೆ ಹೊರಟಾಗ ಸಂಗಪ್ಪ ತಡೆದ. "ಸಾಹೇಬ್ರ, ಸೋಲಾರ್ ಮಾರೋ ಮಂದಿ ಹಂಡೆ ಹೊತ್ಕೊಂಡು ಹೊಂಟ್ರ ನೋಡಿದವರು ಏನಂದಾರ್ರೀ?"

"ಏನಂದ್ರೂ ಸರಿಯಾಗೇ ಅಂತಾರೆ. ದಾರಿ ಬಿಡು."

ಐದು ದಿನ ಅಜ್ಜಿ ಮತ್ತೆ ಒಲೆ ಊದಿದರು. ಆ ಐದು ದಿನದಲ್ಲಿ ಪ್ಯಾನೆಲ್ಲನ್ನೂ ಟ್ಯಾಂಕನ್ನೂ ಬಿಚ್ಚಿ ಮೆಟ್ಟಿಲ ಕೋಣೆಯ ತಲೆಯ ಮೇಲೆಯೇ ಕೂರಿಸಿದೆವು. ಸಂಕ್ರಾಂತಿಗೆ ಅಜ್ಜಿ ಎಳ್ಳುಬೆಲ್ಲ ಹಿಡಿದುಕೊಂಡು ತಾವೇ ಅಂಗಡಿಗೆ ಬಂದರು; ಆಟೋದಲ್ಲಿ ಹಂಡೆಯೂ ಇತ್ತು. "ನೀರು ಕೈ ಸುಡ್ತಿದೆ. ಇನ್ನು ಇದು ನನಗೆ ಬೇಡ. ನಿಮ್ಮ ಹತ್ರಾನೇ ಇರ್ಲಿ, ಬುದ್ಧಿ ಹೇಳ್ಕೊಡುತ್ತೆ."

ಹಂಡೆ ಅಂಗಡಿಯ ಮೂಲೆಯಲ್ಲಿ ಉಳಿಯಿತು. ಅದನ್ನು ನೋಡಿ ಗಿರಾಕಿಗಳು ನಗುತ್ತಿದ್ದರು. ಒಳಗಿಡೋಣವೇ ಎಂದು ನಾನು ಕೇಳಿದ್ದಕ್ಕೆ ಸಾರ್, "ಬೇಡ. ನಮ್ಮನ್ನ ನಂಬಿದವರು ವಾಪಸ್ ಹಂಡೆಗೆ ಹೋಗಬಾರದು. ಒಬ್ಬರು ಹೋದ್ರೂ ಬೀದಿಗೆಲ್ಲ ಗೊತ್ತಾಗುತ್ತೆ, ಆಮೇಲೆ ಹತ್ತು ವರ್ಷ ಈ ಬೀದೀಲಿ ಯಾರೂ ಸೋಲಾರ್ ಮುಟ್ಟಲ್ಲ" ಎಂದರು. ಅವರ ಇಡೀ ವ್ಯಾಪಾರ, ದೇಶದಲ್ಲೆಲ್ಲ ಸೋಲಾರ್ ಬೆಳೆಯುತ್ತದೆ ಎಂಬ ಅವರ ನಂಬಿಕೆ, ಎರಡೂ ಈ ಒಂದು ಮಾತಿನ ಮೇಲೆ ನಿಂತಿದ್ದವು.

ಅಲ್ಲಿಂದ ಮುಂದೆ ಒಂದು ಪದ್ಧತಿ ಬಂತು. ಜಾಗ ನೋಡಲು ಹೋಗುವಾಗ ಮೂರಡಿಯ ಒಂದು ಬಿದಿರು ಕೋಲು. ಯಾವ ತಿಂಗಳಾದರೂ ಸರಿ, ಅದನ್ನು ನೆಟ್ಟಗೆ ನಿಲ್ಲಿಸಿ, ಅದರ ಡಿಸೆಂಬರ್ ನೆರಳನ್ನು ಸೀಮೆಸುಣ್ಣದಲ್ಲಿ ಬರೆಯುವುದು: ನಡುಮಧ್ಯಾಹ್ನಕ್ಕೆ ಎರಡಡಿಯ ಮೇಲೆ ಚೂರು, ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕೂವರೆ. ಕೋಲಿಗೆ ಇಷ್ಟಾದರೆ ಪಕ್ಕದ ಗೋಡೆಗೆಷ್ಟು, ನೀರಿನ ತೊಟ್ಟಿಗೆಷ್ಟು ಎಂದು ಲೆಕ್ಕ ಹಾಕುವುದು. ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನೂ ಮಾಳಿಗೆಗಳನ್ನು ಹತ್ತಿ ಕಲಿತೆ. ಲೆಕ್ಕ ಸರಿ ಬಂದರೂ ಅವರಿಗೆ ಸಮಾಧಾನವಿಲ್ಲ. "ಡಿಸೆಂಬರ್‌ನಲ್ಲಿ ನೋಡೋಣ" ಎಂದು ಪುಸ್ತಕದಲ್ಲಿ ಬರೆಸುತ್ತಿದ್ದರು. ಡಿಸೆಂಬರಿನಲ್ಲಿ ಹೋಗಿ ನೋಡಿ, ಸರಿಯಿದ್ದರೆ ಒಂದು ಗುರುತು ಹಾಕುತ್ತಿದ್ದರು.

ಕ್ರಮೇಣ ಆ ಮಾತು ಎಲ್ಲದಕ್ಕೂ ಬಂತು. ಸಂಗಪ್ಪ ಬೀಡಿ ಬಿಟ್ಟೆ ಎಂದ. "ಡಿಸೆಂಬರ್‌ನಲ್ಲಿ ನೋಡೋಣ." ಮಂತ್ರಿಯೊಬ್ಬರು ಇನ್ನು ಮುಂದೆ ಬೆಂಗಳೂರಿಗೆ ಕರೆಂಟ್ ಹೋಗುವುದೇ ಇಲ್ಲ ಎಂದು ಭಾಷಣ ಮಾಡಿದರು. "ಡಿಸೆಂಬರ್‌ನಲ್ಲಿ ನೋಡೋಣ." ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಬಿಸಿಲು ಕಡಿಮೆಯಾದಾಗ ನಿಂತರೆ ಅದು ನಿಜ, ಎಂಬುದು ಅವರ ಅಭಿಪ್ರಾಯವಿರಬೇಕು. ಬಿಡಿಸಿ ಹೇಳಿದವರಲ್ಲ.

ಕರೆಂಟ್ ಹೋದ ಸಂಜೆಗಳು ನನಗೆ ಬಹಳ ನೆನಪಾಗುತ್ತವೆ. ಅಂಗಡಿಯ ಮಾಳಿಗೆಯ ಮೇಲೆ ಮಣೆಯಷ್ಟು ಅಗಲದ ಒಂದು ಸಣ್ಣ ಪ್ಯಾನೆಲ್ ಇತ್ತು. ಅದು ನೀರು ಕಾಯಿಸುವುದಲ್ಲ, ಕರೆಂಟ್ ಕೊಡುವುದು. ಅದಕ್ಕೊಂದು ಬ್ಯಾಟರಿ, ಬಾಗಿಲಿಗೆ ಒಂದು ಟ್ಯೂಬ್‌ಲೈಟು. ಇಡೀ ರಸ್ತೆ ಕತ್ತಲಾದಾಗ ಅದೊಂದು ಉರಿಯುತ್ತಿತ್ತು. ಸೊಪ್ಪಿನವಳು ಬುಟ್ಟಿಯನ್ನು ನಮ್ಮ ಮೆಟ್ಟಿಲಿಗೆ ತಂದಿಟ್ಟುಕೊಳ್ಳುತ್ತಿದ್ದಳು. ಪಕ್ಕದ ಗಿರಣಿ ನಿಂತುಹೋಗಿ, ಅದರ ಯಜಮಾನರು ಮೈಯೆಲ್ಲ ಹಿಟ್ಟಾಗಿ ನಮ್ಮ ಬೆಂಚಿಗೆ ಬಂದು ಕೂರುತ್ತಿದ್ದರು.

"ದೀಪ ಸರಿ ಸಾರ್. ನಿಮ್ಮ ಸೂರ್ಯ ನನ್ನ ಮಿಷನ್ ಓಡಿಸ್ತಾನಾ?"

"ಓಡಿಸ್ತಾನೆ. ಇನ್ನೂ ಚಿಕ್ಕವನು, ಬೆಳೀಲಿ."

"ಅವನು ಬೆಳೆಯೋ ಹೊತ್ತಿಗೆ ನಾನು ಹಿಟ್ಟಾಗಿರ್ತೀನಿ ಬಿಡಿ."

ಸಂಗಪ್ಪ ಸುಮ್ಮನಿರುತ್ತಿರಲಿಲ್ಲ. "ಇಲ್ಲೇನ್ ಬಿಸಲ್ರೀ ಇದು, ಹಾಲಿನಂಗ ಐತಿ. ಬಿಸಲು ಅಂದ್ರ ನಮ್ಮೂರಾಗ. ಒಂದು ಲಾರಿ ತುಂಬ್ಕೊಂಡು ಬರ್ಲೇನು?"

"ಲಾರಿ ಬೇಡಪ್ಪ" ಎಂದರು ಸಾರ್, ನಗದೆ. "ತಂತೀಲಿ ಬರುತ್ತೆ. ನಿಮ್ಮೂರಲ್ಲಿ ಬೆಳೆ ಬರದ ನೆಲದ ಮೇಲೆ ಪ್ಯಾನೆಲ್ ಹಾಸ್ತಾರೆ. ಆ ಬಿಸಿಲಿಂದ ಇವರ ಗಿರಣಿ ಓಡುತ್ತೆ. ರಾಜಸ್ಥಾನದಲ್ಲೂ ಅಷ್ಟೇ, ಗುಜರಾತಲ್ಲೂ ಅಷ್ಟೇ. ಮನೆಮನೆಯವರೂ ಮಾಳಿಗೆ ಮೇಲಿನ ಕರೆಂಟ್ ಉಳಿದ್ರೆ ಲೈನಿಗೆ ವಾಪಸ್ ಕೊಡ್ತಾರೆ."

ಗಿರಣಿಯವರೂ ಸಂಗಪ್ಪನೂ ಮುಖ ಮುಖ ನೋಡಿಕೊಂಡರು. ಸೊಪ್ಪಿನವಳು, "ಸಾರ್‌ಗೆ ಮಧ್ಯಾಹ್ನ ಬಿಸ್ಲು ಜಾಸ್ತಿ ತಗುಲಿದೆ" ಎಂದಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಸಾರ್.

ಅವರ ಸ್ವಂತ ಮನೆಯಲ್ಲಿ ಮಾತ್ರ ಸೋಲಾರ್ ಇರಲಿಲ್ಲ. ಬನಶಂಕರಿಯಲ್ಲಿ ಬಾಡಿಗೆಗೆ ಇದ್ದರು. ದಕ್ಷಿಣಕ್ಕೆ ಒತ್ತಿಕೊಂಡು ಮೂರು ಅಂತಸ್ತಿನ ಕಟ್ಟಡ. ನಾನು ಒಮ್ಮೆ ಗೌರಿಹಬ್ಬಕ್ಕೆ ಹೋದಾಗ ಅವರ ಮನೆಯವರು ಬಚ್ಚಲುಮನೆಯ ಸ್ಟೋವು ತೋರಿಸಿ ದೂರು ಹೇಳಿದರು. "ಊರಿಗೆಲ್ಲ ಬಿಸಿನೀರು ಕಾಯ್ಸೋರು ಸರೋಜಾ ಇವರು. ನನಗೆ ನೋಡು, ಸೀಮೆಎಣ್ಣೆ."

"ಡಿಸೆಂಬರ್‌ನಲ್ಲಿ ಇಲ್ಲಿ ಬಿಸಿಲು ಬೀಳಲ್ಲ ಕಣೇ. ಹಾಕಿದ್ರೆ ಮೋಸ ಆಗುತ್ತೆ."

"ಗಿರಾಕಿಗೆ ಮೋಸ ಆಗಬಾರದು, ಸರಿ. ಹೆಂಡ್ತಿ ಏನು ಗಿರಾಕೀನಾ? ಹತ್ತು ತಿಂಗಳು ಬಿಸಿನೀರು ಬಂದ್ರೆ ನಾನು ಬೇಡ ಅಂತೀನಾ?"

ಸಾರ್ ಇನ್ನೊಂದು ಸಲ ಕೋಸಂಬರಿ ಹಾಕಿಸಿಕೊಂಡರು.

ಅವರು ಹತ್ತು ವರ್ಷದಿಂದ ಬರುತ್ತದೆ ಬರುತ್ತದೆ ಎನ್ನುತ್ತಿದ್ದ ಕಾಲ ಬಂತು. ಹೊಸದಾಗಿ ಕಟ್ಟುವ ಮನೆಗಳಿಗೆ ಸೋಲಾರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಇಲ್ಲ ಎಂದು ನಿಯಮವಾಯಿತು. ಸುದ್ದಿ ಬಂದ ದಿನ ಸಾರ್ ಬಾದುಷಾ ಹಂಚಿದರು. ಫೋನ್ ಇಡಲು ಪುರುಸೊತ್ತಿಲ್ಲದಂತಾಯಿತು. ನೋಡನೋಡುತ್ತಿದ್ದಂತೆ ನಮ್ಮ ರಸ್ತೆಯಲ್ಲೇ ಇನ್ನೂ ನಾಲ್ಕು ಸೋಲಾರ್ ಅಂಗಡಿಗಳು ಬಾಗಿಲು ತೆರೆದವು.

ಆಗ ಹುಳಿಮಾವಿನ ಮುನಿರಾಜು ಎಂಬುವರು ಬಂದರು. ತಲೆತಲಾಂತರದಿಂದ ಅಲ್ಲಿ ರಾಗಿ ಬೆಳೆದ ಮನೆತನ. ಈಗ ಹೊಲದ ಜಾಗದಲ್ಲಿ ಬಾಡಿಗೆಗೆಂದು ಹನ್ನೆರಡು ಮನೆಗಳ ಕಟ್ಟಡ ಎಬ್ಬಿಸಿದ್ದರು. ನಮಗೆ ಅಷ್ಟು ದೊಡ್ಡ ಕೆಲಸ ಯಾವತ್ತೂ ಸಿಕ್ಕಿರಲಿಲ್ಲ. ಸಾರ್ ಮಾಳಿಗೆಯ ಮೇಲೆ ಕೋಲು ನಿಲ್ಲಿಸಿ ಗೆರೆ ಎಳೆದು, ದಕ್ಷಿಣದ ಪಕ್ಕದ ಸೈಟಿನ ಕಡೆ ನೋಡಿದರು.

"ಅಲ್ಲಿ ಪಿಲ್ಲರ್ ಎದ್ದಿದೆಯಲ್ಲ, ಎಷ್ಟು ಫ್ಲೋರು?"

"ಐದು ಅಂತವ್ರೆ ಸಾರ್."

"ಹಾಗಾದ್ರೆ ನಿಮ್ಮ ಮಾಳಿಗೆಯ ಈ ಅರ್ಧಕ್ಕೆ ಡಿಸೆಂಬರ್‌ನಲ್ಲಿ ಬಿಸಿಲಿರಲ್ಲ. ಆ ಕಡೆ ಅರ್ಧದಲ್ಲಿ ಆರು ಹಾಕ್ತೀನಿ. ಇನ್ನಾರು ಹಾಕಲ್ಲ."

"ಆರು ಹಾಕಿದ್ರೆ ಕನೆಕ್ಷನ್ ಎಲ್ಲಿ ಕೊಡ್ತಾರೆ ಸಾರ್? ಹನ್ನೆರಡು ಕಾಣಿಸ್ಬೇಕು. ನೀರು ಬಿಸಿ ಆಗ್ಲಿ ಬಿಡ್ಲಿ, ಬಾಡಿಗೆಗೆ ಬರೋರು ಆಫೀಸಿಗೆ ಓಡೋರು, ಯಾರು ಕೇಳ್ತಾರೆ?"

"ನೀವೂ ಇಲ್ಲೇ ಇರ್ತೀರಾ?"

"ಮೇಲಿನ ಮನೆ ನಮ್ದೇಯ. ನಮ್ಮವ್ವ ಇರ್ತದೆ ಜೊತೇಲಿ."

"ಹಾಗಿದ್ರೆ ಅವ್ವ ಕೇಳ್ತಾರೆ" ಎಂದು ಸಾರ್ ಕೋಲು ಎತ್ತಿಕೊಂಡರು.

ಕೆಲಸ ಬೇರೆಯವರಿಗೆ ಹೋಯಿತು. ಒಂದೇ ದಿನದಲ್ಲಿ ಹನ್ನೆರಡೂ ಹಾಕಿದರಂತೆ. ಹೀಗೆಯೇ ಇನ್ನೂ ಎಷ್ಟೋ ಕೆಲಸ ಕೈಬಿಟ್ಟು ಹೋದವು. ಇಡೀ ಬೆಂಗಳೂರಿಗೆ ಸೋಲಾರ್ ಏರುತ್ತಿದ್ದ ವರ್ಷ ನಮ್ಮ ಅಂಗಡಿ ಮಾತ್ರ ಸೊರಗಿತು. ಸಂಗಪ್ಪನಿಗೆ ಬೇರೆ ಅಂಗಡಿಯಿಂದ ಕರೆ ಬಂತು. ಅವನು ಸಿಟ್ಟಿನಲ್ಲೇ ಕೇಳಿದ: "ಹತ್ತು ವರ್ಷ ಬರ್ತದ ಬರ್ತದ ಅಂದ್ರಿ. ಬಂದು ಬಾಗಿಲಿಗೆ ನಿಂತಾಗ ಕದಾ ಹಾಕ್ಕೊಂಡ್ರ ಹೆಂಗ್ರೀ ಸಾಹೇಬ್ರ?"

ಸಾರ್, "ಪ್ಯಾನೆಲ್ ಯಾರು ಬೇಕಾದ್ರೂ ಹಾಕ್ತಾರೆ ಸಂಗಪ್ಪ. ಹಾಕಿಸ್ಕೊಂಡೋನು ಪಕ್ಕದ ಮನೆಯೋನಿಗೆ ಏನು ಹೇಳ್ತಾನೆ ಅನ್ನೋದ್ರ ಮೇಲೆ ಇದು ಬೆಳೆಯೋದು. ನೀನು ಹೋಗೋದಾದ್ರೆ ಹೋಗು, ನನಗೆ ಬೇಜಾರಿಲ್ಲ" ಎಂದರು. ಸಂಗಪ್ಪ ಹೋಗಲಿಲ್ಲ. ಆದರೆ ಒಂದು ವಾರ ಮಾತು ಬಿಟ್ಟಿದ್ದ.

ನವೆಂಬರ್ ಕೊನೆಗೆ ನನ್ನನ್ನೂ ಕರೆದು ಕೂರಿಸಿದರು. "ಸರೋಜಾ, ಸಂಕ್ರಾಂತಿವರೆಗೆ ನಡೆಸ್ತೀನಿ. ಆಮೇಲೆ ಆಗಲ್ಲ ಅನ್ಸುತ್ತೆ. ನೀವು ಬೇರೆ ಕಡೆ ನೋಡ್ಕೊಳ್ಳಿ."

ನಾನು "ಡಿಸೆಂಬರ್‌ನಲ್ಲಿ ನೋಡೋಣ ಸಾರ್" ಅಂದುಬಿಟ್ಟೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಡಿಸೆಂಬರ್ ಹದಿನೈದರ ಹೊತ್ತಿಗೆ ಫೋನ್ ಶುರುವಾಯಿತು. ನಾವು ಹಾಕದ ಮನೆಗಳವು. ಹಾಕಿದವರು ಫೋನ್ ಎತ್ತುತ್ತಿಲ್ಲ, ನಿಮ್ಮಲ್ಲಿ ಡಿಸೆಂಬರಿಗೆ ನೋಡುತ್ತಾರಂತೆ, ಯಾರೋ ಹೇಳಿದರು, ಎಂದು. ಹೇಳಿದವರು ಯಾರು ಎಂದು ಕೇಳಿದರೆ ಒಂದಲ್ಲ ಒಂದು ನಮ್ಮ ಹಳೆಯ ಮನೆಯ ವಿಳಾಸ ಬರುತ್ತಿತ್ತು. ಒಬ್ಬರಿಗೆ ಆ ಧನುರ್ಮಾಸದ ಅಜ್ಜಿಯೇ ಹೇಳಿದ್ದರು. ನಾಲ್ಕನೆಯ ದಿನ ಮುನಿರಾಜು.

"ಸಾರ್, ಪಕ್ಕದೋರು ಐದೂ ಫ್ಲೋರ್ ಎಬ್ಬಿಸವ್ರೆ. ಅವ್ವ ಬಚ್ಚಲಿಂದ ಕೂಗ್ತಾ ಅವ್ರೆ. ಬಾಡಿಗೆಯೋರೂ ನಮ್ಮನೆ ಬಾಗಿಲಲ್ಲವ್ರೆ."

"ಹಂಡೆ ಕಳಿಸ್ಲಾ?" ಎಂದರು ಸಾರ್.

"ಹಂಡೆ ಅವ್ವನ ಹತ್ರಾನೇ ಐತೆ ಸಾರ್. ಒಲೆ ಹಾಕೋಕೆ ನಾನು ಜಾಗ ಬಿಟ್ಟಿಲ್ಲ."

ಅದೊಂದು ಮಾತು ಬಿಟ್ಟರೆ ಸಾರ್ ಚುಚ್ಚಿ ಆಡಲಿಲ್ಲ. ಹಾಕಿದವರನ್ನೂ ಬಯ್ಯಲಿಲ್ಲ, "ಮೇ ತಿಂಗಳಲ್ಲಿ ನೋಡಿರ್ತಾರೆ ಪಾಪ. ನಾನೂ ನೋಡಿದ್ದೆ" ಎಂದರು. ಮಾಳಿಗೆಯ ಬಿಸಿಲಿನ ಅರ್ಧಕ್ಕೆ ಎಲ್ಲವನ್ನೂ ಒಟ್ಟು ತಂದು, ಎತ್ತರದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎರಡೆರಡು ಮನೆಗೆ ಒಂದು ದೊಡ್ಡ ಟ್ಯಾಂಕ್ ಕೂರಿಸಿದರು. ಕೆಲಸ ಮುಗಿದ ಮೂರನೆಯ ದಿನ ಮುನಿರಾಜು ಅವರ ತಾಯಿ ಒಂದು ಚೀಲ ಸೊಗಡಿನ ಅವರೆಕಾಯಿ ಕಳಿಸಿದರು. "ನಮ್ಮ ಹುಡುಗ ಮಾತು ಕೇಳಕ್ಕಿಲ್ಲ, ಮೊದ್ಲಿಂದ್ಲೂ ಹಂಗೇಯ" ಎಂದು ಹೇಳಿಕಳಿಸಿದ್ದರು. ಆ ಹುಡುಗನಿಗೆ ಆಗ ಐವತ್ತು.

ಸಂಕ್ರಾಂತಿಗೆ ಅಂಗಡಿ ಮುಚ್ಚಲಿಲ್ಲ. ಆ ಡಿಸೆಂಬರಿನಿಂದ ನಮ್ಮ ಕೈಗೆ ಬಿಡುವಿರಲಿಲ್ಲ. ಜನ ಅವರನ್ನು 'ಡಿಸೆಂಬರ್ ಸಾರ್' ಎಂದೇ ಕರೆಯತೊಡಗಿದರು.

ಅವರು ಪೇಪರು ಕತ್ತರಿಸಿ ಅಂಟಿಸುತ್ತಿದ್ದ ನೋಟ್‌ಬುಕ್ ನನ್ನ ಮೇಜಿನ ಮೇಲಿದೆ. ಸೋಲಾರ್ ಬಗ್ಗೆ ಎಲ್ಲಿ ಏನು ಬಂದರೂ ಅದರಲ್ಲಿದೆ. ಪ್ಯಾನೆಲ್ ಅಗ್ಗವಾಗುತ್ತಿದೆ, ಯಾವುದೋ ಹಳ್ಳಿಗೆ ಮೊದಲ ದೀಪ ಬಂತು, ಯಾವುದೋ ರಾಜ್ಯದ ಮರಳುಗಾಡಿನಲ್ಲಿ ಜಾಗ ನೋಡುತ್ತಿದ್ದಾರೆ. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಅವರ ಒಂದು ಮಾತು. ಒಂದರ ಪಕ್ಕ 'ಆಗುತ್ತೆ, ನಿಧಾನ.' ಒಂದರ ಪಕ್ಕ 'ಸುಳ್ಳು.' ಒಂದರ ಪಕ್ಕ 'ಸಂಗಪ್ಪನಿಗೆ ತೋರಿಸಬೇಕು.' ಬಹಳಷ್ಟರ ಪಕ್ಕ 'ಡಿಸೆಂಬರ್‌ನಲ್ಲಿ ನೋಡೋಣ.' ಕೊನೆಯ ಶುಕ್ರವಾರದ ಸುದ್ದಿ, ಮನೆಮನೆಯ ಮಾಳಿಗೆಯಿಂದ ಲೈನಿಗೆ ಕರೆಂಟ್ ಕೊಡುವ ಕುರಿತು. ಅದರ ಪಕ್ಕ 'ಬಂತು ಬಂತು' ಎಂದು ಬರೆದಿದ್ದಾರೆ.

ಅವರ ಹದಿಮೂರು ದಿನ ಕಳೆದ ಮೇಲೆ ಅವರ ಮನೆಯವರು ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟರು. ಹಂಡೆಯನ್ನು ಸ್ವಲ್ಪ ಹೊತ್ತು ನೋಡಿ, "ಬೇಗೂರಿಂದು ಒಂದು ಬಾಕಿ ಇದೆ ಅಂತಿದ್ರು ಆವತ್ತು ರಾತ್ರಿ ಊಟಕ್ಕೆ ಕೂತಾಗ. ಡಿಸೆಂಬರ್ ಮುಗಿಯೋದ್ರೊಳಗೆ ಹೋಗ್ಬನ್ನಿ" ಎಂದರು.

"ಆಮೇಲೆ ಅಂಗಡಿ?" ಎಂದು ಕೇಳಿದೆ.

"ನನ್ನನ್ನೇನು ಕೇಳ್ತೀಯಮ್ಮ? ಏಣಿ ಹತ್ತೋಳು ನೀನು."

ಮಾರನೆಯ ದಿನ ನಾನೂ ಸಂಗಪ್ಪನೂ ಬೇಗೂರಿಗೆ ಹೋದೆವು. ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಮಧ್ಯಾಹ್ನಕ್ಕೊಮ್ಮೆ, ಮೂರಕ್ಕೊಮ್ಮೆ ಕೋಲು ನಿಲ್ಲಿಸಿ ನೋಡಿದೆ. ನೆರಳು ಎಲ್ಲಿ ಬೀಳುತ್ತದೆಂದು ಸಾರ್ ಮಾರ್ಚಿನಲ್ಲಿ ಗೆರೆ ಎಳೆದಿದ್ದರೋ ಅಲ್ಲೇ ಬಿತ್ತು. ಗೆರೆ ಅರೆಬರೆ ಅಳಿಸಿದ್ದರೂ ಕಾಣುತ್ತಿತ್ತು. ಗಾಜಿನ ಮೇಲೆ ಪೂರಾ ಬಿಸಿಲು. ಪುಸ್ತಕದಲ್ಲಿ ನಾನೇ ಗುರುತು ಹಾಕಿದೆ. ಸಂಗಪ್ಪ ಟ್ಯಾಂಕಿಗೆ ಕೈಯಾನಿಸಿಕೊಂಡು ಆ ಕಡೆ ತಿರುಗಿ ನಿಂತಿದ್ದ. ದೇವಸ್ಥಾನಕ್ಕೆ ಹೋಗುವ ಮನಸ್ಸಾಗಲಿಲ್ಲ.

ಅಂಗಡಿ ನಡೆಯುತ್ತಿದೆ. ಈ ವರ್ಷ ಹೋದ ವರ್ಷಕ್ಕಿಂತ ಹೆಚ್ಚು ಮನೆಗಳಿಗೆ ಹಾಕಿದ್ದೇವೆ. ಡಿಸೆಂಬರಿನ ಸುತ್ತು ಅರ್ಧ ಮುಗಿದಿದೆ, ಒಂದು ಮನೆಯಿಂದಲೂ ದೂರಿಲ್ಲ. ಹಂಡೆ ಮೂಲೆಯಲ್ಲೇ ಇದೆ. ಅದನ್ನು ಕೇಳಿಕೊಂಡು ಯಾರೂ ಬಂದಿಲ್ಲ.

ಮೊನ್ನೆ ಬೆಳಿಗ್ಗೆ ಗಿರಣಿಯವರು ಪೇಪರು ಹಿಡಿದುಕೊಂಡು ಬಂದರು. ಇಡೀ ದೇಶಕ್ಕೆ ಸೂರ್ಯನಿಂದ ಕರೆಂಟ್ ತೆಗೆಯುವ ದೊಡ್ಡ ಯೋಜನೆ ಬರುತ್ತಿದೆಯಂತೆ; ಅರ್ಧ ಪುಟದ ಸುದ್ದಿ. "ನೋಡಮ್ಮ, ನಿಮ್ಮ ಸಾರ್ ಹೇಳ್ತಿದ್ದ ಚಿಕ್ಕವನು ಬೆಳೆದುಬಿಟ್ಟ" ಎಂದರು. ಸಂಗಪ್ಪ ಎರಡೆರಡು ಸಲ ಓದಿಸಿಕೊಂಡು ಕೇಳಿ, ತಮ್ಮೂರಿನ ಹೆಸರು ಇದೆಯೇ ಎಂದು ವಿಚಾರಿಸಿದ. ಇರಲಿಲ್ಲ. "ಬರ್ತದ" ಎಂದ.

ಅವರಿಬ್ಬರೂ ಹೋದ ಮೇಲೆ ನಾನು ಸುದ್ದಿಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದೆ. ಪಕ್ಕದಲ್ಲಿ ಎಂದಿನಷ್ಟೇ ಜಾಗ ಬಿಟ್ಟಿದ್ದೇನೆ. ಪೆನ್ಸಿಲ್ ಡ್ರಾಯರಿನಲ್ಲಿದೆ. ಅಲ್ಲಿ ಇರಬೇಕಾದ ಸಾರ್ ಅವರ ಒಂದು ಮಾತು ಮಾತ್ರ ಇಲ್ಲ.